ಹರಕೆಯ ನಗೆ

ಮೊಹರಂ ಬಂತೆಂದರೆ ನಮ್ಮ ಪತ್ರಿಕೆಗಳಿಗೆ ಭಾವೈಕ್ಯದ ನೆನಪಾಗುತ್ತದೆ. ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹಿಂದೂಗಳೂ ಮೊಹರಮ್ಮಿನಲ್ಲಿ ಕೂಡಿಸುವ ಪೀರಲ ದೇವರಿಗೆ ನಡೆದುಕೊಳ್ಳುತ್ತಾರೆ ಎಂಬಲ್ಲಿಗೆ ಬರಹ ಮುಗಿಯುತ್ತದೆ. ಮಾತು ನಿಜವೇ. ಆದರೆ ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಬಂದ ಮೇಲೂ ಈ ಆಚರಣೆಯನ್ನೊಂದು ಕಥನಕಲೆಯೆಂದು ನೋಡಿ ಬೆಲೆ ಕಟ್ಟಿದವರು ಕಡಿಮೆ.

ಮೊಹರಮ್ಮಿನ ವೇಷಗಾರ ಅಳ್ಳೊಳ್ಳಿ ಬವ್ವನೊಬ್ಬನನ್ನೇ ನೋಡಿ. ಮೈಗೆ ಬಣ್ಣ, ತಲೆಗೆ ಉದ್ದನೆಯ ಟೊಪ್ಪಿಗೆ, ಸೊಂಟಕ್ಕೆ ಗಂಟೆ. ಅಂಗಡಿ ಮುಂದೆ ಕಾಡಿ ಬೇಡಿ ಕಾಸು ಕೀಳುತ್ತಾನೆ, ಹುಡುಗರನ್ನು ಅಟ್ಟಾಡಿಸುತ್ತಾನೆ. ಅತ್ತ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ, ಕರ್ಬಲಾದ ಶೋಕ ಹಾಡುವ ರಿವಾಯತ್ ಪದ ನಡೆದಿರುತ್ತದೆ. ಕ್ರಿ.ಶ. 680ರ ಕರ್ಬಲಾ ಯುದ್ಧ, ಹನಿ ನೀರಿಲ್ಲದ ಡೇರೆಗಳು, ಬಾಣ ತಗಲಿದ ಹಸುಗೂಸು ಅಲಿ ಅಸ್ಗರ್. ಶೋಕದ ದಿನ ಇದೇನು ಹುಡುಗಾಟ ಎಂದು ಗದರುವ ಸುಧಾರಕರಿದ್ದಾರೆ. ಅತ್ತವರ ಎದೆ ಹಗುರ ಮಾಡಲಿಕ್ಕೆ ಎಂದು ಸಮರ್ಥಿಸುವ ವಿದ್ವಾಂಸರಿದ್ದಾರೆ. ಇಬ್ಬರಿಗೂ ಮುಖ್ಯ ಸಂಗತಿ ತಪ್ಪಿಹೋಗಿದೆ. ಆ ವೇಷ ಎಷ್ಟೋ ಸಲ ಹರಕೆಯದು. ಕೂಸು ಉಳಿದರೆ ವೇಷ ಹಾಕಿಸುತ್ತೇವೆಂದು ಬೇಡಿಕೊಂಡ ಮನೆಯಿಂದ ಬವ್ವ ಹೊರಡುತ್ತಾನೆ. ಕುಣಿಯ ಬಳಿ ಉಳಿಯದ ಕೂಸಿನ ಹಾಡು, ಓಣಿಯಲ್ಲಿ ಉಳಿದ ಕೂಸಿನ ನಗೆ. ನಗುವವನೂ ಸಾವನ್ನು ಕಂಡೇ ಬಂದವನು. ದುಃಖಕ್ಕೆ ಬಿಡುವು ಕೊಡಲಿಕ್ಕೆ ತಂದ ಹಾಸ್ಯವಾಗಿದ್ದರೆ ಅದಕ್ಕೆ ಈ ಬಿಗಿ ಎಲ್ಲಿಂದ ಬರಬೇಕು?

ನಗೆ, ಶೋಕಗಳ ಇದೇ ಪ್ರಶ್ನೆ ವಿಡಿಯೊ ಗೇಮುಗಳಲ್ಲೂ ಏಳುತ್ತದೆ. ಅವುಗಳ ಕಥೆ ವಿಮರ್ಶಿಸುವವರು ಹಾಸ್ಯ ಇಷ್ಟು, ಕರಾಳತೆ ಇಷ್ಟು ಎಂದು ತಕ್ಕಡಿ ಹಿಡಿಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಟೋಬಿ ಫಾಕ್ಸ್‌ನ ‘ಅಂಡರ್‌ಟೇಲ್’ (2015) ಆ ತಕ್ಕಡಿಗೆ ಒಗ್ಗದ ಆಟ. ಅದರಲ್ಲಿ ಪಪೈರಸ್ ಎಂಬ ಪೆದ್ದ ಅಸ್ಥಿಪಂಜರ ಒಗಟು ಹೂಡುತ್ತ, ಸ್ಪಗೆಟಿ ಬೇಯಿಸುತ್ತ ನಗಿಸುತ್ತಾನೆ. ಎದುರಾದವರನ್ನೆಲ್ಲ ಕೊಲ್ಲುತ್ತ ಬಂದ ಆಟಗಾರನಿಗೂ ತೋಳು ಚಾಚುತ್ತಾನೆ. ಒಂದೇ ಏಟಿಗೆ ಬಿದ್ದ ಅವನ ತಲೆ, ನಿನ್ನ ಮೇಲೆ ಇನ್ನೂ ನಂಬಿಕೆಯಿದೆ ಎನ್ನುತ್ತದೆ. ಕೊಂದದ್ದು ನಮ್ಮದೇ ಬೆರಳು. ಇದು ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಎಲ್ಲರನ್ನೂ ಕೊಲ್ಲುವ ಆ ಹಾದಿಯಲ್ಲಿ ಕೊಲೆ ಹೆಚ್ಚಿದಂತೆ ನಗೆ ಬತ್ತುತ್ತದೆ. ಬವ್ವನ ನಗೆಗೆ ಆ ಗತಿಯಿಲ್ಲ, ಮೊಹರಮ್ಮಿನ ಕೊನೆಯ ದಫನಿನವರೆಗೂ (ದೇವರ ವಿಸರ್ಜನೆಯವರೆಗೂ) ಅದು ಹಾಡಿನ ಪಕ್ಕದಲ್ಲೇ ಇರುತ್ತದೆ. ಅದೇ ಸೀಮೆಯ ವಾಡಿ, ಶಹಾಬಾದಿನ ಹುಡುಗರು ನಾಳೆ ಗೇಮಿಗೆ ಕಥೆ ಬರೆಯಹೊರಟರೆ ಮೊದಲು ಕಲಿಯಬೇಕಾದ ತಂತ್ರ ಅವರ ಓಣಿಯಲ್ಲೇ ಇದೆ.

ಜಾನಪದ ಸಂಗ್ರಾಹಕರ ಮೇಲೂ ನನ್ನ ತಕರಾರಿದೆ. ರಿವಾಯತ್ ಪದಗಳನ್ನಷ್ಟೇ ಬಿಡಿಸಿ ಅಚ್ಚು ಹಾಕಿದರೆ ಅರ್ಧ ಕಥನ ಕೈಬಿಟ್ಟ ಹಾಗೆ. ಪದ ನಡೆಯುವಾಗ ಬವ್ವ ಎಲ್ಲಿದ್ದ, ಏನು ಮಾಡುತ್ತಿದ್ದ, ಅವನದು ಯಾವ ಹರಕೆ ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು.