ಕೂಗುವ ಮುನ್ನ ಗಾರ್ಡನ್ನು ನೋಡಿ

ಅಯೋವಾ ಸಿಟಿಯ ಕಿನಿಕ್ ಸ್ಟೇಡಿಯಂನಲ್ಲಿ, ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ, ಫಸ್ಟ್ ಡೌನಿಗೆ ಚೆಂಡು ಹಿಡಿದು ಓಡಿದ ಹುಡುಗ ಒಂದೇ ಯಾರ್ಡಿಗೆ ಬಿದ್ದನೆಂದರೆ ಮುಗಿಯಿತು, ಅಕ್ಕಪಕ್ಕದವರೆಲ್ಲ ಪ್ಲೇ ಕರೆಯುವ ಆಫೆನ್ಸಿವ್ ಕೋಆರ್ಡಿನೇಟರನ್ನು ಬೈಯಲು ಶುರುಮಾಡುತ್ತಾರೆ. "ಮತ್ತೆ ಅದೇ ಓಟ! ಈ ಮನುಷ್ಯನಿಗೆ ಬೇರೆ ಏನೂ ಬರುವುದಿಲ್ಲವಾ?" ಸುಮಾರು ಎಪ್ಪತ್ತು ಸಾವಿರ ಜನ ಸೇರುವ ಆ ಜಾಗದಲ್ಲಿ, ಆ ಓಟದಿಂದ ಮುಂದೆ ಏನು ಹುಟ್ಟುತ್ತದೆಂದು ಕಾದು ನೋಡುವವರು ತೀರಾ ಕಡಿಮೆ. ಮಿಡ್‌ವೆಸ್ಟಿಗೆ ಓದಲೆಂದೋ ಕೆಲಸಕ್ಕೆಂದೋ ಬರುವ ನಮ್ಮ ಕನ್ನಡದ ಹುಡುಗರು, ಹುಡುಗಿಯರು ಮೊದಲ ವರ್ಷವೇ ಆ ಕೂಗನ್ನು ಕಲಿತುಬಿಡುತ್ತಾರೆ. ಆಟವನ್ನು ಮಾತ್ರ ಕಲಿಯುವುದಿಲ್ಲ. ಅವರಲ್ಲಿ ಕೆಲವರನ್ನಾದರೂ ಕಾದು ನೋಡುವವರ ಕಡೆಗೆ ಎಳೆದುಕೊಳ್ಳಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ಡೌನು, ಹತ್ತು ಯಾರ್ಡು, ಟಚ್‌ಡೌನಿಗೆ ಆರು ಅಂಕ, ಇವನ್ನೆಲ್ಲ ನಿಮ್ಮ ರೂಮ್‌ಮೇಟ್ ಹೇಳಿಕೊಡುತ್ತಾರೆ. ಯಾರು ಎಲ್ಲಿ ನಿಲ್ಲುತ್ತಾರೆಂಬುದು ಒಂದೆರಡು ಶನಿವಾರ ನೋಡಿದರೆ ತಾನಾಗಿ ಬರುತ್ತದೆ. ಅದಕ್ಕೆ ನಾನಿಲ್ಲಿ ಜಾಗ ಕೊಡುವುದಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಒಂದು ಪ್ಲೇ ಎಷ್ಟು ಯಾರ್ಡ್ ತಂದಿತು ಎಂಬುದರಿಂದ ಅದರ ಬೆಲೆ ಕಟ್ಟಬೇಡಿ. ಅದು ಎದುರಾಳಿಯ ಡಿಫೆನ್ಸಿಗೆ ಯಾವ ಪ್ರಶ್ನೆ ಹಾಕಿತು, ಡಿಫೆನ್ಸ್ ಏನು ಉತ್ತರ ಕೊಟ್ಟಿತು, ಆ ಉತ್ತರವನ್ನು ಪ್ಲೇ ಕರೆಯುವ ಕೋಚ್ ಮುಂದೆ ಯಾವಾಗ ಬಳಸಿಕೊಂಡರು, ಅಥವಾ ಬಳಸಿಕೊಳ್ಳದೆ ಬಿಟ್ಟರು, ಅದನ್ನು ನೋಡಿ. ಎರಪಳ್ಳಿ ಪ್ರಸನ್ನರ ಬೌಲಿಂಗನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ. ಬ್ಯಾಟ್ಸ್‌ಮನ್ ಆರಾಮಾಗಿ ಮುಂದೆ ಬಂದು ಆಡಿದ ಚೆಂಡುಗಳು ದಂಡವಾದವೆಂದು ಅವರು ಹೇಳುವುದಿಲ್ಲ. ಅದೇ ಕೈಯಿಂದ ಅದೇ ಹಾಗೆ ಬಂದಂತೆ ಕಂಡು, ತುಸು ಮೊದಲೇ ಇಳಿಯುವ ಮುಂದಿನ ಚೆಂಡಿಗೆ ಅವು ದಾರಿ ಮಾಡಿಕೊಟ್ಟವು ಎನ್ನುತ್ತಾರೆ. ಅಷ್ಟು ತಾಳ್ಮೆಯ ಕಣ್ಣನ್ನು ಮನೆಯಿಂದಲೇ ತಂದಿರುವವರು ಇಲ್ಲಿ ಬಂದು ಅದನ್ನು ಮುಚ್ಚಿಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಅಯೋವಾದ ಆಫೆನ್ಸಿನ ಜೀವ ಇರುವುದು ಔಟ್‌ಸೈಡ್ ಝೋನ್ ಎಂಬ ಓಟದಲ್ಲಿ. 1999ರಿಂದ ಹೆಡ್ ಕೋಚ್ ಆಗಿರುವ ಕರ್ಕ್ ಫೆರೆಂಟ್ಸ್ ಅದಕ್ಕೂ ಮೊದಲು, ಹೇಡನ್ ಫ್ರೈ ಅವರ ಕಾಲದಲ್ಲಿ, ಇದೇ ತಂಡದ ಆಫೆನ್ಸಿವ್ ಲೈನ್ ಕೋಚ್ ಆಗಿದ್ದವರು. ಅವರು ಆಟವನ್ನು ನೋಡುವುದು ಲೈನಿನ ಕಡೆಯಿಂದ. ನೀವೂ ಅಲ್ಲಿಂದಲೇ ನೋಡಬೇಕು. ಸ್ನ್ಯಾಪ್ ಆದ ಕೂಡಲೇ ಐವರು ಲೈನ್‌ಮನ್‌ಗಳೂ ಒಟ್ಟಿಗೆ ಒಂದೇ ಪಕ್ಕಕ್ಕೆ ಹೆಜ್ಜೆ ಹಾಕುತ್ತಾರೆ. ಇಂಥವನನ್ನೇ ಕೆಡವಬೇಕೆಂಬ ಲೆಕ್ಕವಿಲ್ಲ, ತನ್ನ ಪಾಲಿನ ಜಾಗಕ್ಕೆ ಬಂದವನನ್ನು ತಡೆಯಬೇಕು. ಎದುರಾಳಿಯೂ ಅದೇ ಪಕ್ಕಕ್ಕೆ ಓಡಲೇಬೇಕಾಗುತ್ತದೆ, ಅವನ ಓಟದ ವೇಗವನ್ನೇ ಅವನ ಮೇಲೆ ತಿರುಗಿಸುವುದು ಈ ವಿದ್ಯೆ. ಚೆಂಡು ಹಿಡಿದ ರನ್ನಿಂಗ್ ಬ್ಯಾಕ್ ಟೈಟ್ ಎಂಡಿನ ಹೊರಬದಿಯತ್ತ ಓಡುತ್ತಲೇ ಕಣ್ಣಲ್ಲಿ ಓದುತ್ತಾನೆ. ಅಂಚಿನ ಎದುರಾಳಿ ಒಳಗೆ ಸಿಕ್ಕಿಬಿದ್ದಿದ್ದರೆ ಹೊರಗಿನಿಂದ ಸುತ್ತಿ ಓಡಬೇಕು. ಅವನು ಹೊರಗೆ ಹಾರಿದ್ದರೆ ಅವನ ಒಳಬದಿಯ ಸಂದಿಗೆ ನುಗ್ಗಬೇಕು. ಡಿಫೆನ್ಸ್ ಪೂರ್ತಿ ಒಂದೇ ಕಡೆಗೆ ಓಡಿಬಿಟ್ಟಿದ್ದರೆ ಕಾಲೂರಿ, ಒಂದೇ ಸಲ ತಿರುಗಿ, ಖಾಲಿಯಾದ ಹಿಂಬದಿಗೆ ಹೊರಡಬೇಕು. ಎರಡು ಸಲ ತಿರುಗಿದವನು ಕೆಟ್ಟ.

ಇದರಲ್ಲಿ ಅತ್ಯಂತ ಕಷ್ಟದ್ದು, ನನಗೆ ಅತ್ಯಂತ ಪ್ರಿಯವಾದದ್ದು, ಸೆಂಟರ್‌ನ ಕೆಲಸ. ಎರಡು ಕಾಲಿನ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು, ಆ ಕೈ ಮೇಲೆ ಬರುವಷ್ಟರಲ್ಲಿ, ಓಟದ ದಿಕ್ಕಿನಲ್ಲಿ ತನಗಿಂತ ಅರ್ಧ ಹೆಜ್ಜೆ ಮುಂದೆ ನಿಂತಿರುವ ನೂರೈವತ್ತು ಕಿಲೋ ತೂಕದವನ ಆಚೆ ಭುಜವನ್ನು ಮುಟ್ಟಬೇಕು. ಮುಟ್ಟಿದರೆ ಬಾಗಿಲು ತೆರೆಯಿತು, ಇಲ್ಲದಿದ್ದರೆ ಓಟ ಅಲ್ಲೇ ಸತ್ತಿತು. ಟೈಲರ್ ಲಿಂಡರ್‌ಬಾಮ್ ಇದನ್ನು ಮಾಡುತ್ತಿದ್ದ ರೀತಿ ನೋಡಲೆಂದೇ ನಾನು ಹಳೆಯ ಆಟಗಳನ್ನು ಈಗಲೂ ಹಾಕಿಕೊಂಡು ಕೂರುತ್ತೇನೆ. ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ 2021ರಲ್ಲಿ ಅವನಿಗೆ ಬಂತು. ರಾಬರ್ಟ್ ಗ್ಯಾಲರಿ, ಬ್ರ್ಯಾಂಡನ್ ಶೆರ್ಫ್, ಟ್ರಿಸ್ಟನ್ ವರ್ಫ್ಸ್ ಕೂಡ ಇದೇ ಲೈನಿನಿಂದ ಬಂದವರು. ಅಯೋವಾದ ಅಭಿಮಾನಿ ಎಂದು ಹೇಳಿಕೊಂಡು ಈ ಹೆಸರುಗಳನ್ನು ತಿಳಿಯದವರನ್ನು ನಾನು ಅಭಿಮಾನಿಗಳ ಲೆಕ್ಕಕ್ಕೆ ಸೇರಿಸುವುದಿಲ್ಲ.

ನನ್ನ ಕಣ್ಣು ತೆರೆದದ್ದು 2008ರಲ್ಲಿ. ಶಾನ್ ಗ್ರೀನ್ ಎಂಬ ರನ್ನಿಂಗ್ ಬ್ಯಾಕ್ ಆ ವರ್ಷ ಆಡಿದ 13 ಆಟಗಳಲ್ಲೂ ನೂರು ಯಾರ್ಡ್ ದಾಟಿದ, ಒಟ್ಟು 1,850 ಯಾರ್ಡ್ ಓಡಿದ. ನನಗೆ ಸಿಕ್ಕಿದ್ದು ಗೋಲ್ ಗೆರೆಯ ಹಿಂದಿನ ಸೀಟು. ಅಗ್ಗದ ಸೀಟೆಂದು ಬೇಸರದಲ್ಲೇ ಹೋಗಿ ಕೂತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ರೈತರೊಬ್ಬರು ನಾನು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಿದ್ದುದನ್ನು ಗಮನಿಸಿ, "ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ ಮಗು, ಎಡಗಡೆ ಗಾರ್ಡನ್ನು ನೋಡು" ಎಂದರು. ನೋಡಿದೆ. ಗಾರ್ಡ್ ತನ್ನೆದುರಿನವನನ್ನು ಒಂದು ಕೈಯಿಂದ ಪಕ್ಕದವನಿಗೆ ಒಪ್ಪಿಸಿ, ತಾನು ಮೇಲೆ ಹೋಗಿ ಲೈನ್‌ಬ್ಯಾಕರನ್ನು ಹಿಡಿದ. ಆ ಇಬ್ಬರ ನಡುವೆ ಒಂದು ಸಂದಿ ಬಿಟ್ಟುಕೊಂಡಿತು, ಗ್ರೀನ್ ಅದರೊಳಗಿಂದ ಬಂದ. ಟಿವಿಯ ಕ್ಯಾಮೆರಾ ಪಕ್ಕದಿಂದ ತೋರಿಸುವುದರಿಂದ ಈ ಸಂದಿಗಳು ಅಲ್ಲಿ ಕಾಣುವುದೇ ಇಲ್ಲ. ಅಲ್ಲಿಂದಾಚೆಗೆ ನಾನು ಮೈದಾನದ ನಡುಗೆರೆಯ ದುಬಾರಿ ಸೀಟಿಗೆ ಆಸೆಪಟ್ಟಿಲ್ಲ. ನೀವೂ ಪಡಬೇಡಿ.

ಈಗ ಆ ಒಂದು ಯಾರ್ಡಿನ ಓಟಕ್ಕೆ ಬನ್ನಿ. ಓಟ ಬಲಕ್ಕೆ ಹೋಯಿತು, ಯಾರ್ಡ್ ಸಿಗಲಿಲ್ಲ, ಜನ ಕೂಗಿದರು. ಆದರೆ ಎಡ ತುದಿಯಲ್ಲಿದ್ದ ಎದುರಾಳಿಯ ಡಿಫೆನ್ಸಿವ್ ಎಂಡ್ ಏನು ಮಾಡಿದ? ತನ್ನ ಜಾಗದಲ್ಲಿ ನಿಂತನೋ, ಚೆಂಡಿನ ಹಿಂದೆ ಅಟ್ಟಿಸಿಕೊಂಡು ಓಡಿದನೋ? ಓಡಿದ್ದರೆ ಆ ಒಂದು ಯಾರ್ಡಿಗೆ ಬೆಲೆ ಬಂತು. ಎರಡು ಸರದಿ ಕಳೆದ ಮೇಲೆ ಅದೇ ಫಾರ್ಮೇಷನ್, ಅದೇ ಮೊದಲ ಹೆಜ್ಜೆ, ಐವರು ಲೈನ್‌ಮನ್‌ಗಳೂ ಬಲಕ್ಕೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೊಟ್ಟಂತೆ ಮಾಡಿ, ತನ್ನಲ್ಲೇ ಇಟ್ಟುಕೊಂಡು, ಎಡಕ್ಕೆ ತಿರುಗಿ ಹೊರಡುತ್ತಾನೆ. ಇದು ಬೂಟ್‌ಲೆಗ್. ಅಟ್ಟಿಸಿಕೊಂಡು ಓಡಿದ ಆ ಎಂಡ್ ಈಗ ತಪ್ಪು ದಿಕ್ಕಿನಲ್ಲಿದ್ದಾನೆ. ತಡೆಯುವ ನಾಟಕವಾಡುತ್ತಿದ್ದ ಟೈಟ್ ಎಂಡ್ ಮೆಲ್ಲಗೆ ಜಾರಿಕೊಂಡು ಮೈದಾನವನ್ನು ಅಡ್ಡ ಹಾಯುತ್ತಾನೆ, ಅವನ ಸುತ್ತ ಯಾರೂ ಇರುವುದಿಲ್ಲ. ಇಪ್ಪತ್ತು ಯಾರ್ಡ್. ಜನ ಎದ್ದು ಕುಣಿಯುತ್ತಾರೆ, "ಇದನ್ನೇ ಮೊದಲಿನಿಂದ ಆಡಬಾರದಿತ್ತಾ?" ಎನ್ನುತ್ತಾರೆ. ಮೊದಲಿನಿಂದ ಆಡಿದ್ದರೆ ಆ ಎಂಡ್ ಅಲ್ಲೇ ನಿಂತಿರುತ್ತಿದ್ದ. ಡಾಲಸ್ ಕ್ಲಾರ್ಕ್, ಜಾರ್ಜ್ ಕಿಟಲ್, ಸ್ಯಾಮ್ ಲಪೋರ್ಟಾ ಹೀಗೆ ಸಾಲುಸಾಲಾಗಿ ಟೈಟ್ ಎಂಡ್‌ಗಳು ಈ ಊರಿನಿಂದ ಬಂದದ್ದು ಈ ಓಟದ ನೆರಳಿನಲ್ಲಿ. 2019ರಲ್ಲಿ ಟಿ.ಜೆ. ಹಾಕನ್ಸನ್, ನೋವಾ ಫ್ಯಾಂಟ್ ಇಬ್ಬರೂ ಎನ್‌ಎಫ್‌ಎಲ್ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು.

ಫೋನಿನಲ್ಲಿ ಹತ್ತು ಸೆಕೆಂಡಿನ ತುಣುಕು ನೋಡಿ ಬೆಳೆದ ರುಚಿಗೆ ಇದು ಹಿಡಿಸುವುದಿಲ್ಲ. ಅರವತ್ತು ಯಾರ್ಡಿನ ಪಾಸು, ಒಂದೇ ಕೈಯ ಕ್ಯಾಚು, ಅಷ್ಟೇ ಬೇಕು. ಆಟವನ್ನು ಆ ರುಚಿಗೆ ಒಪ್ಪಿಸಿದರೆ ಉಳಿಯುವುದು ಸರ್ಕಸ್ಸು.

ಹಾಗಾದರೆ ಅಯೋವಾದ ಅಭಿಮಾನಿಗಳ ಸಿಟ್ಟಿಗೆ ಕಾರಣವೇ ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. 2022ರ ಸೆಪ್ಟೆಂಬರಿನಲ್ಲಿ ಸೌತ್ ಡಕೋಟಾ ಸ್ಟೇಟ್ ಮೇಲೆ ತಂಡ 7-3ರಲ್ಲಿ ಗೆದ್ದಿತು. ಆ ಏಳು ಅಂಕದಲ್ಲಿ ಟಚ್‌ಡೌನ್ ಇರಲಿಲ್ಲ, ಒಂದು ಫೀಲ್ಡ್ ಗೋಲ್ ಮತ್ತು ಎದುರಾಳಿಯನ್ನು ಅವರದೇ ಗೋಲ್ ಗೆರೆಯ ಹಿಂದೆ ಎರಡು ಸಲ ಕೆಡವಿದ್ದಕ್ಕೆ ಸಿಕ್ಕ ನಾಲ್ಕು ಅಂಕ. ಪ್ಲೇ ಕರೆಯುತ್ತಿದ್ದವರು ಹೆಡ್ ಕೋಚ್‌ನ ಮಗ ಬ್ರಯನ್ ಫೆರೆಂಟ್ಸ್. 2023ಕ್ಕೆ ಅವರ ಕರಾರನ್ನೇ ತಿದ್ದಿದರು: ಸಂಬಳ 8,50,000 ಡಾಲರಿಗೆ ಇಳಿಯಿತು, ತಂಡ ಆಟಕ್ಕೆ ಸರಾಸರಿ 25 ಅಂಕ ಗಳಿಸಬೇಕು, ಕನಿಷ್ಠ ಏಳು ಆಟ ಗೆಲ್ಲಬೇಕು ಎಂಬ ಷರತ್ತು ಸೇರಿತು. ಡಿಫೆನ್ಸ್ ಗಳಿಸಿದ ಅಂಕವೂ ಆ ಲೆಕ್ಕದಲ್ಲಿತ್ತು. ಹದಿಮೂರು ಆಟಕ್ಕೆ 325 ಎಂದು ಜನ ಗುಣಿಸಿಕೊಂಡು ಪ್ರತಿ ವಾರ ಲೆಕ್ಕ ಇಡಲು ಕೂತರು. ಆಟ ನೋಡುವ ಕಣ್ಣಿಗೆ ಅದಕ್ಕಿಂತ ಕೆಟ್ಟದ್ದು ಆಗಲಾರದು. ಯಾವ ಓಟ ಯಾವ ಪಾಸಿಗೆ ಬೀಜ ಹಾಕಿತು ಎಂದು ಕೇಳುವವರು ಆ ವರ್ಷ ಇಲ್ಲವೇ ಇಲ್ಲವಾದರು. ಕ್ವಾರ್ಟರ್‌ಬ್ಯಾಕ್ ಕೇಡ್ ಮ್ಯಾಕ್‌ನಮಾರ ಮಂಡಿಗೆ ಪೆಟ್ಟಾಗಿ ಹೊರಗುಳಿದ, ಇಬ್ಬರು ಮುಖ್ಯ ಟೈಟ್ ಎಂಡ್‌ಗಳೂ ಗಾಯಗೊಂಡರು. ಅಂದರೆ ಬೂಟ್‌ಲೆಗ್ಗಿನ ಎರಡೂ ತುದಿ ಮುರಿದಿತ್ತು. ಅಕ್ಟೋಬರ್ 30ರಂದು, ಋತು ಇನ್ನೂ ಮುಗಿಯದಿರುವಾಗಲೇ, ಮುಂದಿನ ವರ್ಷ ಬ್ರಯನ್ ಇರುವುದಿಲ್ಲ ಎಂದು ಘೋಷಿಸಿದರು. ಆ ತಂಡ ಹತ್ತು ಆಟ ಗೆದ್ದು, ತನ್ನ ಲೀಗ್ ಆದ ಬಿಗ್ ಟೆನ್‌ನ ಫೈನಲಿನಲ್ಲಿ ಮಿಷಿಗನ್‌ಗೆ 26-0ರಲ್ಲಿ ಸೋತಿತು.

ನನ್ನ ತಕರಾರೂ ಬ್ರಯನ್ ಮೇಲೆಯೇ, ಆದರೆ ಬೇರೆ. ಅವರು ಓಡಿಸಿದ್ದು ತಪ್ಪಲ್ಲ. ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಅದನ್ನು ಬಳಸದೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದು ತಪ್ಪು. ಫಾರ್ಮೇಷನ್ ನೋಡಿಯೇ ಪ್ಲೇ ಹೇಳಿಬಿಡಬಹುದಿತ್ತು; ನಾವು ಹೇಳಬಹುದಾದರೆ ಎದುರಿನ ಲೈನ್‌ಬ್ಯಾಕರ್ ಹೇಳದಿರುತ್ತಾನೆಯೇ? ಈ ಮನುಷ್ಯನಿಗೆ ಬರುವುದಿಲ್ಲ ಎನ್ನುವವರಿಗೆ 2017ರ ನವೆಂಬರ್ 4ನ್ನು ನೆನಪಿಸುತ್ತೇನೆ. ಅಂದು ಓಹಾಯೊ ಸ್ಟೇಟ್ ಮೇಲೆ ಅಯೋವಾ 55-24ರಲ್ಲಿ ಗೆದ್ದಾಗ ಪ್ಲೇ ಕರೆದವರು ಇದೇ ಬ್ರಯನ್. ಕ್ವಾರ್ಟರ್‌ಬ್ಯಾಕ್ ನೇಟ್ ಸ್ಟ್ಯಾನ್ಲಿ ಐದು ಟಚ್‌ಡೌನ್ ಪಾಸ್ ಎಸೆದ, ಅದರಲ್ಲಿ ನಾಲ್ಕು ಟೈಟ್ ಎಂಡ್‌ಗಳ ಕೈಗೆ. ಆ ಸಂಜೆ ಪ್ರತಿಯೊಂದು ಓಟದ ಹಿಂದೆಯೂ ಒಂದು ಪಾಸ್ ಹೊಂಚುಹಾಕಿ ಕೂತಿತ್ತು. ಕಿನಿಕ್‌ನಲ್ಲಿ ನಾನು ಕಂಡ ಅತಿ ಸುಂದರ ಆಫೆನ್ಸ್ ಅದು.

2024ರಲ್ಲಿ ಬ್ರಯನ್ ಜಾಗಕ್ಕೆ ಟಿಮ್ ಲೆಸ್ಟರ್ ಬಂದರು. ಅಭಿಮಾನಿಗಳು ಗಮನಿಸದ ಸಂಗತಿ ಇದು: ಓಟ ಅದೇ ಔಟ್‌ಸೈಡ್ ಝೋನ್. ಸ್ನ್ಯಾಪಿಗೆ ಮುನ್ನ ಒಬ್ಬನನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿಸಿ ಡಿಫೆನ್ಸನ್ನು ಕದಲಿಸುವುದು ಹೆಚ್ಚಾಯಿತು, ಒಂದೇ ಓಟಕ್ಕೆ ಬೇರೆಬೇರೆ ವೇಷ ಬಂದವು. ರನ್ನಿಂಗ್ ಬ್ಯಾಕ್ ಕೇಲಬ್ ಜಾನ್ಸನ್ 1,537 ಯಾರ್ಡ್ ಓಡಿದ. ಪಾಸಿಂಗ್ ಆಗಲೂ ಬಡವಾಗಿಯೇ ಇತ್ತು. ಓಟ, ಓಟ ಎಂದು ಹಿಂದಿನ ವರ್ಷ ಬೈದವರೇ ಈಗ ಓಟಕ್ಕೆ ಚಪ್ಪಾಳೆ ತಟ್ಟಿದರು.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಚೆಂಡು ಯಾವ ಹ್ಯಾಶ್ ಗುರುತಿನ ಮೇಲಿದೆ ನೋಡಿ. ಮೈದಾನದ ಅಗಲ 160 ಅಡಿ, ಕಾಲೇಜಿನಲ್ಲಿ ಎರಡು ಹ್ಯಾಶ್‌ಗಳ ನಡುವೆ 40 ಅಡಿ. ಅಂದರೆ ಚೆಂಡು ಒಂದು ಗುರುತಿನ ಮೇಲಿದ್ದಾಗ ಒಂದು ಪಕ್ಕ 60 ಅಡಿ, ಇನ್ನೊಂದು ಪಕ್ಕ 100 ಅಡಿ. ಎನ್‌ಎಫ್‌ಎಲ್‌ನಲ್ಲಿ ಹೀಗಿಲ್ಲ, ಅಲ್ಲಿ ಹ್ಯಾಶ್‌ಗಳು ತೀರಾ ಹತ್ತಿರ. ಆ ಅಗಲವಾದ ಪಕ್ಕವನ್ನು ಕಾಯಲು ಎದುರಾಳಿ ಯಾರನ್ನು ಕಳಿಸಿದ ಎನ್ನುವುದರಲ್ಲೇ ಅರ್ಧ ಆಟವಿದೆ. ಮೊದಲ ಹದಿನೈದು ಪ್ಲೇಗಳನ್ನು ಮುಂಚೆಯೇ ಬರೆದಿಟ್ಟುಕೊಂಡು ಬರುವ ಪದ್ಧತಿಯನ್ನು ಬಿಲ್ ವಾಲ್ಷ್ ಪ್ರಸಿದ್ಧಗೊಳಿಸಿದರು; ಹಾಗೆ ಬರೆದು ತಂದವು ಹೆಚ್ಚಾಗಿ ಡಿಫೆನ್ಸನ್ನು ಓದಲು ಹಾಕುವ ಪ್ರಶ್ನೆಗಳು. ಮೊದಲ ಕ್ವಾರ್ಟರ್ ನೋಡಿ ತೀರ್ಪು ಕೊಡುವವರ ಜೊತೆ ವಾದ ಮಾಡಬೇಡಿ.

ಪಂಟಿಗೂ ಕೂಗಬೇಡಿ. ಫಿಲ್ ಪಾರ್ಕರ್ ಅವರಂಥ ಡಿಫೆನ್ಸ್ ಕೋಚ್ ಇರುವ ತಂಡಕ್ಕೆ ಐವತ್ತು ಯಾರ್ಡಿನ ಪಂಟ್ ಒಂದು ಒಳ್ಳೆಯ ಪ್ಲೇ. ಮೆಲ್ಬರ್ನ್‌ನಿಂದ ಬಂದ ಟೋರಿ ಟೇಲರ್ 2023ರಲ್ಲಿ 4,479 ಯಾರ್ಡ್ ಪಂಟ್ ಮಾಡಿ, 1938ರಿಂದ ಉಳಿದಿದ್ದ ದಾಖಲೆಯನ್ನು ಮುರಿದ. 2004ರಲ್ಲಿ ಪೆನ್ ಸ್ಟೇಟ್ ಮೇಲೆ 6-2ರ ಮುನ್ನಡೆಯಲ್ಲಿದ್ದಾಗ ಕರ್ಕ್ ಫೆರೆಂಟ್ಸ್ ಬೇಕೆಂದೇ ಎದುರಾಳಿಗೆ ಎರಡು ಅಂಕ ಬಿಟ್ಟುಕೊಟ್ಟು, ಚೆಂಡನ್ನು ದೂರಕ್ಕೆ ಒದೆಸಿ, 6-4ರಲ್ಲಿ ಗೆದ್ದರು. ತನ್ನ ಡಿಫೆನ್ಸ್ ಮೇಲೆ ಅಷ್ಟು ನಂಬಿಕೆ ಇರುವವರ ಪ್ಲೇ ಕಾಲಿಂಗನ್ನು ಅಂಕದ ಹಸಿವಿನಿಂದ ಅಳೆಯಲಾಗದು.

ಕೂಗಲೇಬೇಕೆಂದಿದ್ದರೆ ಥರ್ಡ್ ಡೌನಿಗೆ ಕಾಯಿರಿ. ಬೇಕಾದದ್ದು ಏಳು ಯಾರ್ಡ್, ಮೂವರು ರಿಸೀವರ್‌ಗಳೂ ನಾಲ್ಕು ಯಾರ್ಡಿಗೇ ನಿಂತು ತಿರುಗಿದರು, ಕ್ವಾರ್ಟರ್‌ಬ್ಯಾಕ್ ಅವರಲ್ಲೊಬ್ಬನಿಗೆ ಎಸೆದ, ಅವನು ಅಲ್ಲೇ ಬಿದ್ದ. ಆ ಪ್ಲೇ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಯಾವ ಪಾಸಿಗೂ ದಾರಿ ಮಾಡುವುದಿಲ್ಲ. ಅದನ್ನು ಕರೆದವರ ಮೇಲೆ ಗಂಟಲು ಹರಿಯುವಂತೆ ಕೂಗಿ, ನಾನೂ ದನಿಗೂಡಿಸುತ್ತೇನೆ.