ಅಬ್ಬೆ ದ್ಯುಬುವಾ ಅವರ ತೀರ್ಪು: ಶ್ರೀರಂಗಪಟ್ಟಣದ ಸೆರೆ ಮತ್ತು ಭರವಸೆಯ ದೈವಶಾಸ್ತ್ರ

ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತು ಅಬ್ಬೆ ದ್ಯುಬುವಾ ಅವರು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ನಮ್ಮ ನಾಡಿನ ವಿಶ್ವಾಸಿಗಳನ್ನು ಕುರಿತ ಅತ್ಯಂತ ಕಠೋರವಾದ ತೀರ್ಪೊಂದು ಆ ಸಂಪುಟದಲ್ಲಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಬಂದ ಕ್ರೈಸ್ತರನ್ನು ಅವರು 60,000 ಎಂದು ಎಣಿಸುತ್ತಾರೆ. ಅಷ್ಟು ಮಂದಿಯಲ್ಲಿ ಒಬ್ಬರೂ ರಕ್ತಸಾಕ್ಷಿಯಾಗಲಿಲ್ಲ, ಎಲ್ಲರೂ ಪ್ರತಿರೋಧವಿಲ್ಲದೆ ಧರ್ಮತ್ಯಾಗ ಮಾಡಿದರು ಎಂದು ಖೇದದಿಂದ ಬರೆಯುತ್ತಾರೆ.

ಈ ತೀರ್ಪನ್ನು ತೂಗುವ ಮುನ್ನ ಗ್ರಂಥದ ಉದ್ದೇಶವನ್ನು ಗಮನಿಸಬೇಕು. ಭಾರತೀಯರನ್ನು ಕ್ರೈಸ್ತಧರ್ಮಕ್ಕೆ ತರುವುದು ಅಸಾಧ್ಯವೆಂಬುದೇ ಅದರ ವಾದ. ಸೆರೆಯ ಪ್ರಸಂಗ ಅಲ್ಲಿ ಆ ವಾದಕ್ಕೆ ಒದಗಿದ ಪುರಾವೆ. ಲೇಖಕರು ಸೆರೆಯ ಪ್ರತ್ಯಕ್ಷದರ್ಶಿಯೂ ಅಲ್ಲ. 1799ರಲ್ಲಿ ಟಿಪ್ಪು ಮಡಿದ ಬಳಿಕವೇ ಅವರು ಈ ಪ್ರಾಂತಕ್ಕೆ ಬಂದು, ಗಂಜಾಂ ಮೊದಲಾದೆಡೆ ಚದುರಿದ ಮಂದೆಯನ್ನು ಒಗ್ಗೂಡಿಸಿದರು. ಗುರುಗಳನ್ನು ಗಡೀಪಾರು ಮಾಡಿ, ಬಲಿಪೂಜೆ, ಪಾಪನಿವೇದನೆಗಳಿಲ್ಲದಂತೆ ಮಾಡಿ, ಬಲಾತ್ಕಾರದಿಂದ ಸುನ್ನತಿ ಮಾಡಿಸಿದ ಹದಿನೈದು ವರ್ಷಗಳ ಬಾಳನ್ನು ‘ಧರ್ಮತ್ಯಾಗ’ ಎಂಬ ಒಂದೇ ಪದದಲ್ಲಿ ಮುಗಿಸುವುದು ನ್ಯಾಯವಲ್ಲ.

ಅವರದೇ ಪುಟ ಅವರ ತೀರ್ಪನ್ನು ಸಡಿಲಿಸುತ್ತದೆ. ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ದೇವಾಲಯಗಳನ್ನು ಮತ್ತೆ ಕಟ್ಟಿದರೆಂದೂ, ಸುಮಾರು 2,000 ಮಂದಿ ತಮ್ಮ ಬಳಿಗೇ ಬಂದರೆಂದೂ, ತಮ್ಮ ತ್ಯಾಗ ಹೊರಗಿನದು ಮಾತ್ರ, ಅಂತರಂಗದಲ್ಲಿ ಕ್ರಿಸ್ತರನ್ನು ಬಿಟ್ಟಿರಲಿಲ್ಲವೆಂದು ಅವರು ಹೇಳಿಕೊಂಡರೆಂದೂ ದ್ಯುಬುವಾ ದಾಖಲಿಸುತ್ತಾರೆ. ಭರವಸೆಯೇ ಸತ್ತಿದ್ದರೆ ಈ ಮರಳುವಿಕೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಅವರು ಎತ್ತುವುದಿಲ್ಲ. ಇಂತಹುದೇ ಸಂಕಷ್ಟ ಮತ್ತೆ ಬಂದರೆ ಫಲವೂ ಇದೇ ಆದೀತೆಂಬ ಭೀತಿಯೊಂದಿಗೆ ಮುಂದೆ ಸಾಗುತ್ತಾರೆ.

ಇಲ್ಲಿಯೇ ದೈವಶಾಸ್ತ್ರದ ಕೊರತೆ ಕಾಣುತ್ತದೆ. ದ್ಯುಬುವಾ ವಿಶ್ವಾಸವನ್ನು ಧೈರ್ಯದೊಂದಿಗೆ ಸಮೀಕರಿಸುತ್ತಾರೆ. ಲೂಕನ ಶುಭಸಂದೇಶದ 22ನೇ ಅಧ್ಯಾಯದಲ್ಲಾದರೋ, ಪೇತ್ರನು ನಿರಾಕರಿಸುವ ಮುನ್ನವೇ ಅವನ ವಿಶ್ವಾಸ ಕುಂದದಿರಲೆಂದು ಪ್ರಭು ಪ್ರಾರ್ಥಿಸಿರುತ್ತಾರೆ. ಪೇತ್ರನು ಬಿದ್ದನು, ಪ್ರಾರ್ಥನೆ ಬೀಳಲಿಲ್ಲ. ಕೊನೆಯವರೆಗಿನ ಸ್ಥೈರ್ಯವು ದೇವರ ವರ. ಅದು ತನಗಿದ್ದೇ ಇದೆಯೆಂದು ಯಾರೂ ಖಚಿತವಾಗಿ ಹೇಳಿಕೊಳ್ಳುವಂತಿಲ್ಲ, ಆದರೆ ದೇವರ ನೆರವಿನಲ್ಲಿ ದೃಢ ಭರವಸೆ ಇಡಬೇಕೆಂದು ಟ್ರೆಂಟ್ ಮಹಾಸಭೆ 1547ರಲ್ಲಿ ಬೋಧಿಸಿತು. ಈ ಬೋಧನೆ ಸೆರೆಯಾಳುಗಳಿಗೆ ಅನ್ವಯಿಸುವಷ್ಟೇ ಅವರನ್ನು ಅಳೆಯುವವರಿಗೂ ಅನ್ವಯಿಸುತ್ತದೆ. ಕಾರ್ಥೇಜಿನ ಸಂತ ಸಿಪ್ರಿಯಾನರು 251ರಲ್ಲಿ, ಹಿಂಸೆಯಲ್ಲಿ ಜಾರಿದವರ ತಪ್ಪನ್ನು ಹಗುರಗೊಳಿಸಲಿಲ್ಲ. ಆದರೂ ಪ್ರಾಯಶ್ಚಿತ್ತದ ಬಾಗಿಲನ್ನು ಮುಚ್ಚಲಿಲ್ಲ.

ಆದರೆ ದ್ಯುಬುವಾ ಅವರನ್ನು ಅಲ್ಲಗಳೆಯುವ ಭರದಲ್ಲಿ ಸೆರೆಯಾಳುಗಳೆಲ್ಲರನ್ನೂ ವೀರರಾಗಿ ಚಿತ್ರಿಸುವ ಪ್ರಬೋಧನೆಯೂ ಸತ್ಯಕ್ಕೆ ದೂರ. ದಾರಿಯಲ್ಲೇ ಸತ್ತವರಿದ್ದರು, ಮರಳದೆ ಉಳಿದವರೂ ಇದ್ದರು. ಆ ಸಂಕಟವನ್ನು ಇಂದಿನ ನೆರೆಯ ಮುಸ್ಲಿಮರ ಮೇಲಿನ ದೂರಾಗಿ ಬಳಸುವುದಂತೂ ಶುಭಸಂದೇಶಕ್ಕೆ ವಿರುದ್ಧ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಧರ್ಮಸಭೆ ಅದನ್ನೂ ಪ್ರಾರ್ಥನೆಯೆಂದೇ ಸ್ವೀಕರಿಸಿದೆ.

ದ್ಯುಬುವಾ ಅವರ ಲೇಖನಿಗಿಂತ ಅವರ ಗುರುಸೇವೆ ದೊಡ್ಡದು: ಹೀಗೆ ಬರೆದವರೇ ಮರಳಿ ಬಂದವರನ್ನು ಧರ್ಮಸಭೆಗೆ ಸೇರಿಸಿಕೊಂಡರು. ಕಿರಂಗೂರು, ಗಂಜಾಂ, ಪಾಲಹಳ್ಳಿಗಳ ಈ ನೆಲದಲ್ಲಿ ಸೇವೆ ಸಲ್ಲಿಸುವ ಗುರುಗಳ ಬಳಿಗೆ ಇಂದು ಸಾಲದಿಂದ, ರೋಗದಿಂದ, ಮಕ್ಕಳ ಸಾವಿನಿಂದ ಕುಗ್ಗಿದವರು ಬರುತ್ತಾರೆ. ‘ವಿಶ್ವಾಸ ಗಟ್ಟಿಯಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಅವರಿಗೆ ಹೇಳುವವನು ದ್ಯುಬುವಾ ಅವರ ತೀರ್ಪನ್ನೇ ಪುನರುಚ್ಚರಿಸುತ್ತಾನೆ. ಅವರು ಇನ್ನೂ ನಮ್ಮ ಬಾಗಿಲಿಗೆ ಬರುತ್ತಿರುವುದನ್ನೇ ಭರವಸೆಯೆಂದು ಗುರುತಿಸಿ, ಅವರಿಗಾಗಿ ಕ್ರಿಸ್ತರು ಮಾಡುತ್ತಿರುವ ಪ್ರಾರ್ಥನೆಯಲ್ಲಿ ಸೇರಿಕೊಳ್ಳುವುದು ನಮ್ಮ ಕರ್ತವ್ಯ.