ಕಣ್ಣಿಗೆ ಎದೆಹಾಲು

ಕಣ್ಣು ಕೆಂಪಾದರೆ ಬಾಣಂತಿ ಇರುವ ಮನೆಗೆ ಒಳಲೆ ಹಿಡಿದು ಹೋಗುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ‘ನಾಲ್ಕು ತೊಟ್ಟು ಹಾಲು ಕೊಡಮ್ಮ’ ಎಂದು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಕೂಸಿನ ಕಣ್ಣಿಗಾದರೆ ಒಳಲೆಯೂ ಬೇಡ. ಅಜ್ಜಿ ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿಯುತ್ತಾಳೆ, ತಾಯಿ ಬಾಗಿ ಹಿಂಡುತ್ತಾಳೆ. ಕಿವಿನೋವಿಗೆ, ಕಟ್ಟಿದ ಮೂಗಿಗೆ, ಬಜೆ ತೇಯುವುದಕ್ಕೆ ಎಲ್ಲಕ್ಕೂ ಅದೇ ಹಾಲು.

ಇದನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಚರಕಸಂಹಿತೆ ಕಣ್ಣುನೋವಿಗೆ ಹೆಂಗಸಿನ ಹಾಲನ್ನು ಹೇಳುತ್ತದೆ. ಸುಮಾರು 3,500 ವರ್ಷ ಹಳೆಯ ಈಜಿಪ್ಟಿನ ಎಬರ್ಸ್ ಪಪೈರಸ್ ಅಂತೂ ಗಂಡುಮಗು ಹೆತ್ತವಳ ಹಾಲೇ ಆಗಬೇಕೆನ್ನುತ್ತದೆ. (ಗಂಡಿನ ಹುಚ್ಚು ಔಷಧಿಯನ್ನೂ ಬಿಟ್ಟಿಲ್ಲ.) ಹಾಲಿನಲ್ಲಿ ಗುಣವಿರುವುದೂ ಸುಳ್ಳಲ್ಲ. ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳು, ಲ್ಯಾಕ್ಟೋಫೆರಿನ್, ನಮ್ಮ ಕಣ್ಣೀರಿನಲ್ಲೂ ಇರುವ ಲೈಸೋಜೈಮ್ ಅದರಲ್ಲಿವೆ. ಹಸುಗೂಸುಗಳ ಕಣ್ಣಿಗೆ ತಾಯಿಯ ಗಿಣ್ಣುಹಾಲು ಬಿಟ್ಟಾಗ ಪಿಸುರು ಕಟ್ಟುವುದು ಕಡಿಮೆಯಾಯಿತೆಂದು ದೆಹಲಿಯ ಏಮ್ಸ್ ವೈದ್ಯರು 1982ರಲ್ಲೇ ಬರೆದಿದ್ದಾರೆ. ಡಯಾಪರ್‌ನಿಂದ ಕೆಂಪಾದ ಚರ್ಮಕ್ಕೆ ಎದೆಹಾಲು ಶೇ 1ರ ಹೈಡ್ರೋಕಾರ್ಟಿಸೋನ್ ಮುಲಾಮಿನಷ್ಟೇ ಕೆಲಸ ಮಾಡಿತೆಂದು ಇರಾನಿನ ಒಂದು ಪ್ರಯೋಗ ತೋರಿಸಿತು.

ಹಾಗಿದ್ದರೆ ತಕರಾರೇನು? ತಾನಾಗಿ ವಾಸಿಯಾಗುವ ಕಾಯಿಲೆಯ ಕೀರ್ತಿಯೂ ಹಾಲಿನ ಖಾತೆಗೇ ಜಮೆಯಾಗುತ್ತಿದೆ. ಹುಟ್ಟಿದ ಕೂಸಿನ ಕಣ್ಣಲ್ಲಿ ನೀರು, ಪಿಸುರು ಬರುತ್ತಿರುವುದಕ್ಕೆ ಬಹಳ ಸಲ ಕಾರಣ ಕಣ್ಣೀರಿನ ನಾಳ ಇನ್ನೂ ತೆರೆಯದಿರುವುದು. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷ ತುಂಬುವುದರೊಳಗೆ ಅದು ತಾನೇ ತೆರೆದುಕೊಳ್ಳುತ್ತದೆ. ಕಣ್ಣಿನ ಮೂಲೆಯಿಂದ ಮೂಗಿನ ಬದಿಗೆ ಬೆರಳಲ್ಲಿ ಮೆಲ್ಲಗೆ ನೀವಿ ಇಳಿಸುವುದನ್ನು ವೈದ್ಯರು ಹೇಳಿಕೊಡುತ್ತಾರೆ. ಹಾಲು ಹಿಂಡಿದ ಮೇಲೆ ಕಣ್ಣೊರೆಸುವ ಅಜ್ಜಿಯ ಬೆರಳು ಬಹುಶಃ ಅದನ್ನೇ ಮಾಡುತ್ತಿತ್ತು, ಹೆಸರು ಮಾತ್ರ ಹಾಲಿಗೆ ಬಂತು. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಹರಡಿದ ಮದ್ರಾಸ್ ಐ ಕೂಡ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇಳಿಯುವಂಥದ್ದು. ಹಾಲು ಬಿಟ್ಟರೂ ಅಷ್ಟೇ, ಬಿಡದಿದ್ದರೂ ಅಷ್ಟೇ.

ತಾನಾಗಿ ವಾಸಿಯಾಗದ ಕಣ್ಣುಬೇನೆಯಲ್ಲಿ ಈ ನಂಬಿಕೆಗೆ ತೆರುವ ಬೆಲೆ ದೊಡ್ಡದು. ಹೆರಿಗೆಯಲ್ಲಿ ತಾಯಿಯಿಂದ ಗೊನೋರಿಯಾ ತಗುಲಿದ ಕೂಸಿನ ಕಣ್ಣಿನ ಪಾರದರ್ಶಕ ಪೊರೆ (ಕಾರ್ನಿಯಾ) ಕೆಲವೇ ದಿನಗಳಲ್ಲಿ ತೂತುಬೀಳಬಹುದು. ಇದರಿಂದಾಗುವ ಕುರುಡುತನವನ್ನು ತಡೆಯಲೆಂದೇ ಜರ್ಮನಿಯ ವೈದ್ಯ ಕ್ರೆಡೆ 1880ರ ದಶಕದಲ್ಲಿ ಸಿಲ್ವರ್ ನೈಟ್ರೇಟ್ ಹನಿಯನ್ನು ಬಳಕೆಗೆ ತಂದ. ದೊಡ್ಡವರಲ್ಲಿ ಅಪಾಯ ಬರುವುದು ಗದ್ದೆಯಿಂದ. ಒಕ್ಕಣೆಯಲ್ಲಿ ಭತ್ತದ ಸುಂಕು ಚುಚ್ಚಿ, ಕಬ್ಬಿನ ಗರಿ ಗೀರಿ ಆದ ಗಾಯಕ್ಕೆ ಶಿಲೀಂಧ್ರ ಹತ್ತಿದರೆ ಹೋದ ದೃಷ್ಟಿ ಮರಳುವುದು ಕಷ್ಟ. ಮದುರೆಯ ಕಣ್ಣಾಸ್ಪತ್ರೆಗೆ ಕಾರ್ನಿಯಾದ ಹುಣ್ಣಿನಿಂದ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಅದಕ್ಕೂ ಮೊದಲು ಮನೆಮದ್ದು ಮಾಡಿದ್ದರೆಂದು 1999ರ ವರದಿಯೊಂದು ಹೇಳುತ್ತದೆ.

ಆ ಒಳಲೆಯನ್ನೂ ನೋಡಬೇಕು. ಎದೆಹಾಲಿನ ಬ್ಯಾಂಕ್‌ಗಳು ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ ಮೇಲೆಯೇ ಬೇರೆ ಮಗುವಿಗೆ ಕೊಡುತ್ತವೆ. ಎಚ್‌ಐವಿ ಹಾಲಿನಲ್ಲೂ ದಾಟಬಲ್ಲದು. ನಾವೋ ಗೂಡಿನಿಂದ ತೆಗೆದ ಒಳಲೆಯಲ್ಲಿ ಪಕ್ಕದ ಮನೆಯ ಹಾಲು ತಂದು ನೇರ ಕಣ್ಣಿಗೇ ಬಿಡುತ್ತೇವೆ. ಕೊಡುವವಳಿಗೆ ಮನಸ್ಸಿದೆಯೇ ಎಂದು ಕೇಳುವುದಂತೂ ದೂರವೇ ಉಳಿಯಿತು.

ನನಗೆ ಹೆಚ್ಚು ಸಿಟ್ಟು ಬರುವುದು ಬೇರೊಂದಕ್ಕೆ. ಇಷ್ಟೆಲ್ಲ ಕಾಯಿಲೆಗೆ ಎದೆಹಾಲೇ ಅಮೃತವೆನ್ನುವ ಎಷ್ಟೋ ಮನೆಗಳು, ಹೆತ್ತ ದಿನದ ಹಳದಿ ಗಿಣ್ಣುಹಾಲನ್ನು ‘ಕೂಸಿಗೆ ಜೀರ್ಣವಾಗದು’ ಎಂದು ಹಿಂಡಿ ಚೆಲ್ಲಿ ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುತ್ತವೆ. ಪ್ರತಿಕಾಯಗಳು ಅತಿ ಹೆಚ್ಚು ಇರುವುದು ಚೆಲ್ಲಿದ ಆ ಗಿಣ್ಣುಹಾಲಿನಲ್ಲೇ.

ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕೂಸಿನ ಬಾಯಿಗೆ ಹೋಗಲಿ. ಒಡೆದ ಮೊಲೆತೊಟ್ಟಿಗೆ, ಡಯಾಪರ್ ಕೆಂಪಿಗೆ ಸ್ವಂತ ಹಾಲು ಸವರಿದರೆ ಅಡ್ಡಿಯಿಲ್ಲ. ಕಣ್ಣಿಗೆ ಮಾತ್ರ ಬೇಡ. ತಿಂಗಳು ತುಂಬದ ಕೂಸಿನ ರೆಪ್ಪೆ ಊದಿ ಕೀವು ಸುರಿದರೆ, ದೊಡ್ಡವರ ಕಣ್ಣಿಗೆ ಗದ್ದೆಯಲ್ಲಿ ಏನಾದರೂ ಚುಚ್ಚಿದರೆ, ಯಾವ ಹನಿಯನ್ನೂ ಬಿಡದೆ ಅವತ್ತೇ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ.